100 ಕೆ.ಜಿ. ಕೆಸರಿಗೆ 66 ಇಟ್ಟಿಗೆ: ಕಾರವಾರದ ಒಂದು ಪ್ರಕರಣ

ಆ ವರ್ಷ ಮಳೆ ಹಿಡಿದು ಹತ್ತು ದಿನ ಆಗಿರಬೇಕು. ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಿಸುವ ಘಟಕ) ಹಿಂದೆ ಕೆಸರು ಒಣಗಿಸುವ ಡ್ರೈಯಿಂಗ್ ಬೆಡ್ ನೋಡಲು ಹೋದರೆ ಅದರಲ್ಲಿ ಕಪ್ಪೆಗಳು ವಟಗುಟ್ಟುತ್ತಿದ್ದವು. ಮೇ ತಿಂಗಳಲ್ಲಿ ಬಿರುಕು ಬಿಟ್ಟು ಚಕ್ಕೆ ಎದ್ದಿದ್ದ ಕೆಸರು ಮತ್ತೆ ಅಂಬಲಿಯಾಗಿತ್ತು. ಆಪರೇಟರ್ ಹುಡುಗ ಕೊಡೆ ಹಿಡಿದು ಪಕ್ಕದಲ್ಲಿ ನಿಂತು, "ಸರ್, ಇದನ್ನ ಇನ್ನು ದೀಪಾವಳಿಗೇ ತೆಗೆಯೂದು" ಅಂದ. ತಮಾಷೆಗೆ ಹೇಳಿದ್ದಲ್ಲ, ಲೆಕ್ಕ ಹಾಕಿಯೇ ಹೇಳಿದ್ದ.

ಜಾಗ ಕಾರವಾರ, ಕಾಳಿ ನದಿ ಸಮುದ್ರ ಸೇರುವ ಕಡೆ. ಸುಮಾರು 90 ಮನೆಗಳ ವಸತಿ ಸಮುಚ್ಚಯ, ಜನ 370ರ ಆಸುಪಾಸು. ತಲೆಗೆ ದಿನಕ್ಕೆ 135 ಲೀಟರ್ ಎಂಬ ರೂಢಿಯ ಲೆಕ್ಕ ಹಿಡಿದರೆ ದಿನಕ್ಕೆ 50,000 ಲೀಟರ್ ಕೊಳಚೆ ನೀರು. ಅದನ್ನು ಶುದ್ಧ ಮಾಡಿ ಗಿಡಕ್ಕೆ, ಫ್ಲಶ್‌ಗೆ ಬಿಡುತ್ತೇವೆ. ಆ ಘಟಕದ ಉಸ್ತುವಾರಿ ಗುತ್ತಿಗೆ ನನ್ನದು. ಶುದ್ಧವಾದ ನೀರನ್ನು ಎಲ್ಲರೂ ನೋಡುತ್ತಾರೆ, ಕಮಿಟಿಯವರು ಗಾಜಿನ ಲೋಟದಲ್ಲಿ ಹಿಡಿದು ಫೋಟೋವನ್ನೂ ತೆಗೆಯುತ್ತಾರೆ. ಆ ನೀರಿನಿಂದ ಬೇರೆಯಾಗಿ ತಳಕ್ಕೆ ಇಳಿದ ಕೆಸರು ಎಲ್ಲಿಗೆ ಹೋಗುತ್ತದೆಂದು ಕೇಳುವವರಿಲ್ಲ.

ನಮ್ಮ ಘಟಕದಲ್ಲಿ ದಿನಕ್ಕೆ ಐದಾರು ಕೆ.ಜಿ. ಕೆಸರು ಹುಟ್ಟುತ್ತದೆ. ಇದು ಒಣ ತೂಕ. ಆದರೆ ಕೆಸರು ಒಣಗಿಕೊಂಡು ಹುಟ್ಟುವುದಿಲ್ಲವಲ್ಲ. ಟ್ಯಾಂಕಿನಿಂದ ಬರುವಾಗ ಅದರಲ್ಲಿ ನೂರಕ್ಕೆ 98 ಪಾಲು ನೀರು. ಫಿಲ್ಟರ್ ಪ್ರೆಸ್ಸಿನಲ್ಲಿ ಹಿಂಡಿದ ಮೇಲೂ ಉಳಿಯುವ ಹೆಂಟೆಯಲ್ಲಿ, ನಾವು ಕೇಕ್ ಅನ್ನುವುದರಲ್ಲಿ, 80 ಪಾಲು ನೀರೇ. ಮುಟ್ಟಿದರೆ ಗಟ್ಟಿ, ಹಿಚುಕಿದರೆ ಬೆರಳ ಸಂದಿಯಿಂದ ಜಾರುತ್ತದೆ. ಹೀಗೆ ದಿನಕ್ಕೆ 25–30 ಕೆ.ಜಿ. ಕೇಕ್. ಮಳೆಗಾಲದ ನಾಲ್ಕು ತಿಂಗಳಿಗೆ ಮೂರು ಟನ್ನಿಗೂ ಮಿಕ್ಕಿ. ವರ್ಷಕ್ಕೆ 3,000 ಮಿ.ಮೀ.ನಷ್ಟು ಮಳೆ ಬೀಳುವ ಊರಿನಲ್ಲಿ ಬಯಲಿಗೆ ಡ್ರೈಯಿಂಗ್ ಬೆಡ್ ಕಟ್ಟಿಸಿದ ವಿನ್ಯಾಸಗಾರರು ಕರಾವಳಿಯ ಒಂದು ಜುಲೈಯನ್ನೂ ಕಂಡಿರಲಿಕ್ಕಿಲ್ಲ.

ಮೊದಲೆಲ್ಲ ಒಬ್ಬರು ಟ್ರ್ಯಾಕ್ಟರ್ ತಂದು ಒಯ್ಯುತ್ತಿದ್ದರು. ಎಲ್ಲಿಗೆ ಎಂದು ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಆ ವರ್ಷ ಅವರು ಬರುವುದು ನಿಂತಿತು. ಆಗ ನನಗೆ ಮೊದಲು ಹೊಳೆದದ್ದು ಶಿರಸಿ ಕಡೆಯ ಭಾವನ ಅಡಿಕೆ ತೋಟ. ಕೆಸರಿನಲ್ಲಿ ಸಾರಜನಕವಿದೆ, ರಂಜಕವಿದೆ, ಗೊಬ್ಬರಕ್ಕೆ ಇನ್ನೇನು ಬೇಕು? ಫೋನಿನಲ್ಲಿ ವಿಷಯ ಪೂರ್ತಿ ಹೇಳುವ ಮೊದಲೇ ಅವನು ತಡೆದ: "ಭಾವ, ಬೇರೆ ಎಂತಾದ್ರೂ ಹೇಳು, ಇದೊಂದು ನಂಗೆ ಬ್ಯಾಡ. ಅಮ್ಮ ತೋಟಕ್ಕೆ ಕಾಲಿಡ್ತಿಲ್ಲೆ." ಅವನ ತಾಯಿಯ ಮಡಿಯನ್ನು ಪಕ್ಕಕ್ಕಿಟ್ಟರೂ ಅವನ ಹಿಂಜರಿಕೆಗೆ ಬೇರೆ ಕಾರಣ ಇದ್ದೇ ಇತ್ತು. ದುಂಡು ಹುಳದ ಮೊಟ್ಟೆಗಳು ಕೆಸರಿನಲ್ಲಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಬಿಸಿಲಿಗೆ ಒಣಗಿತೆಂದ ಮಾತ್ರಕ್ಕೆ ಸತ್ತವೆಂದು ಹೇಳಲಾಗದು. ಸರಿಯಾಗಿ ಕಾಂಪೋಸ್ಟ್ ಮಾಡಿ ಮಣ್ಣಿಗೆ ಸೇರಿಸುವುದೇ ಕೆಸರಿನ ಒಳ್ಳೆಯ ಗತಿ ಎಂದು ನಾನು ಈಗಲೂ ನಂಬಿದ್ದೇನೆ. ಇಟ್ಟಿಗೆ ಮಾಡಿದರೆ ಸಾರಜನಕವೆಲ್ಲ ಹೊಗೆಯಾಗಿ ಹೋಗುತ್ತದೆ. ಆದರೆ ನಮ್ಮಲ್ಲಿ ಕಾಂಪೋಸ್ಟಿಗೆ ಜಾಗ ಇರಲಿಲ್ಲ, ತೆಗೆದುಕೊಳ್ಳುವ ತೋಟ ಇರಲಿಲ್ಲ. ಇಟ್ಟಿಗೆಯ ಮಾತು ಬಂದದ್ದೇ ಹೀಗೆ, ಬೇರೆ ದಾರಿ ಕಾಣದೆ.

ಮೊದಲ ಪ್ರಯತ್ನ ಇಟ್ಟಿಗೆಯದಲ್ಲ, ನೆಲಕ್ಕೆ ಹಾಸುವ ಸಿಮೆಂಟ್ ಪೇವರಿನದು. ಅದು ನನ್ನ ತಲೆಯಿಂದಲೇ ಬಂದ ಐಡಿಯಾ, ಹಾಗಾಗಿ ಬೇಗ ಮುಗಿಸುತ್ತೇನೆ. ಬೇಸಿಗೆಯಲ್ಲಿ ಒಣಗಿದ್ದ ಕೆಸರನ್ನು ಪುಡಿ ಮಾಡಿ, ಎಂ-ಸ್ಯಾಂಡಿನ ಒಂದು ಪಾಲಿನ ಬದಲಿಗೆ ಹಾಕಿ ಅಚ್ಚು ತುಂಬಿಸಿದೆವು. ಮರುದಿನ ಅಚ್ಚು ಬಿಚ್ಚಿದರೆ ಅಂಚು ಕೈಗೇ ಬಂತು. ಮೂರು ದಿನ ನೀರುಣಿಸಿದ ಮೇಲೂ ಉಗುರಿನಲ್ಲಿ ಗೀರಿದರೆ ಗೆರೆ ಬೀಳುತ್ತಿತ್ತು. ಕಾರಣ ಸರಳ: ಒಣ ಕೆಸರಿನ ಅರ್ಧಕ್ಕೂ ಹೆಚ್ಚು ಭಾಗ ಜೈವಿಕ ಪದಾರ್ಥ. ಅದು, ಅದರ ಜೊತೆಗಿನ ಜಿಡ್ಡು ಮತ್ತು ಫಾಸ್ಫೇಟು, ಸಿಮೆಂಟು ನೀರಿನ ಜೊತೆ ಸೇರಿ ಗಟ್ಟಿಯಾಗುವ ಕ್ರಿಯೆಗೇ ಅಡ್ಡ ಬರುತ್ತವೆ. ಸುಟ್ಟು ಬೂದಿ ಮಾಡಿ ಅರೆದು ಹಾಕಿದರೆ ಮಾತು ಬೇರೆ, ಬೂದಿಯಲ್ಲಿ ಸಿಲಿಕಾ, ಅಲ್ಯುಮಿನಾ ಇರುತ್ತವೆ. ಆದರೆ 90 ಮನೆಗಳಿಗೆ ಒಂದು ಇನ್ಸಿನರೇಟರ್ ಕೂರಿಸುವುದು ಹೆಗ್ಗಣ ಹಿಡಿಯಲು ಆನೆ ತಂದಂತೆ. ಆ ಪೇವರುಗಳು ಈಗಲೂ ಪಂಪ್ ರೂಮಿನ ಹಿಂದೆ ಬಿದ್ದಿವೆ, ಅವುಗಳ ಮೇಲೆ ಜರಿಗಿಡ ಬೆಳೆದಿದೆ.

ಸುಡಲೇಬೇಕು ಎಂದಾದ ಮೇಲೆ ಸುಡುವವರ ಹತ್ತಿರವೇ ಹೋಗಬೇಕಲ್ಲ. ನಮ್ಮ ಕರಾವಳಿಯಲ್ಲಿ ಮನೆ ಎಂದರೆ ಚಿರೆಕಲ್ಲು. ಇಟ್ಟಿಗೆ ಸುಡುವವರು ಇರುವುದು ಘಟ್ಟ ಹತ್ತಿದ ಮೇಲೆ, ಗದ್ದೆ ಮಣ್ಣು ಸಿಗುವ ಕಡೆ. ಮುಂಡಗೋಡ ಕಡೆಯ ಒಬ್ಬ ಭಟ್ಟಿ ಮಾಲೀಕರ ಪರಿಚಯ ಒಬ್ಬ ಮೇಸ್ತ್ರಿಯಿಂದ ಆಯಿತು. ಒಂದು ಚೀಲದಲ್ಲಿ ಪುಡಿ ಹಿಡಿದುಕೊಂಡು ಹೋದೆ. ಓದಿಕೊಂಡು ಹೋಗಿದ್ದೆ ಕೂಡ: ಸಿಂಗಾಪುರದಲ್ಲಿ 1980ರ ದಶಕದಲ್ಲೇ ಜೇಡಿಮಣ್ಣಿಗೆ ಒಣ ಕೆಸರನ್ನು ನೂರಕ್ಕೆ 40ರವರೆಗೆ ಬೆರೆಸಿ ಇಟ್ಟಿಗೆ ಸುಟ್ಟು ನೋಡಿದ್ದಾರೆ, ತೈವಾನಿನವರು 2003ರಲ್ಲಿ ಹೆಚ್ಚು ಎಚ್ಚರಿಕೆಯಿಂದ 10 ಸಾಕು, 880ರಿಂದ 960 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು ಎಂದಿದ್ದಾರೆ. ಇದನ್ನೆಲ್ಲ ಮಾಲೀಕರಿಗೆ ವಿವರಿಸುತ್ತಿದ್ದೆ. ಅವರು ಕೇಳಿಸಿಕೊಳ್ಳುತ್ತಲೇ ಒಂದು ಹಿಡಿ ಪುಡಿ ತೆಗೆದು, ಚಹಾ ಕಾಸುತ್ತಿದ್ದ ಒಲೆಯ ಕೆಂಡದ ಮೇಲೆ ಎರಚಿದರು. ಮೊದಲು ಹೊಗೆ, ಆಮೇಲೆ ನಾತ, ಆಮೇಲೆ ಹಳದಿ ಉರಿ ಎದ್ದು ಒಂದಿಷ್ಟು ಹೊತ್ತು ನಿಂತಿತು.

"ಸಾಹೇಬ್ರ, ನೀವು ಇದನ್ನ ಮಣ್ಣು ಅಂತೀರಿ. ಇದು ಮಣ್ಣಲ್ಲ, ಉರುವಲ. ನಾವು ಮಣ್ಣಾಗ ಭತ್ತದ ಹೊಟ್ಟು ಕಲಸ್ತೀವಲ್ರಿ, ಅದರ ಬದ್ಲಿ ಆಗ್ತೈತಿ."

ನಾನು ಓದಿದ್ದ ಪ್ರಬಂಧಗಳಿಗಿಂತ ಈ ಮಾತು ನನಗೆ ಹೆಚ್ಚು ಉಪಯೋಗಕ್ಕೆ ಬಂತು. ಹಸಿ ಇಟ್ಟಿಗೆಯ ಒಳಗೇ ಹೊಟ್ಟು ಸೇರಿಸುವುದು ಭಟ್ಟಿಯವರ ಹಳೆಯ ರೂಢಿ. ಇಟ್ಟಿಗೆ ಹೊರಗಿನ ಬೆಂಕಿಯಿಂದ ಬೇಯುವಾಗ ಒಳಗಿನ ಹೊಟ್ಟೂ ಉರಿದು ಬೇಯಿಸುತ್ತದೆ, ಕಟ್ಟಿಗೆ ಉಳಿಯುತ್ತದೆ. ಒಣ ಕೆಸರಿನ ಶಾಖ ಹೊಟ್ಟಿನ ಶಾಖಕ್ಕೆ ಹೆಚ್ಚುಕಡಿಮೆ ಹತ್ತಿರ. ಮೆಲ್ಬರ್ನಿನ ಆರ್‌ಎಂಐಟಿ ವಿಶ್ವವಿದ್ಯಾಲಯದವರು 2019ರಲ್ಲಿ, ಕಾಲು ಭಾಗ ಕೆಸರು ಬೆರೆಸಿದರೆ ಸುಡುವ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂದು ಲೆಕ್ಕ ತೋರಿಸಿದ್ದರ ಹಿಂದೆಯೂ ಇದೇ ತತ್ವ. ಒಳಗಿನದು ಉರಿದು ಹೋದ ಜಾಗದಲ್ಲಿ ತೂತು ಉಳಿಯುತ್ತದೆ. ಇಟ್ಟಿಗೆ ಹಗುರಾಗುತ್ತದೆ, ಹೆಚ್ಚು ನೀರು ಕುಡಿಯುತ್ತದೆ, ಬಲ ಕುಗ್ಗುತ್ತದೆ. ಎಷ್ಟು ಬೆರೆಸಬೇಕು ಎಂಬ ಪ್ರಶ್ನೆಯೆಲ್ಲ ಈ ತೂತುಗಳ ಲೆಕ್ಕವೇ.

ಮಾಲೀಕರು ಒಂದೇ ಷರತ್ತು ಹಾಕಿದರು: ಒಣಗಿದ ಪುಡಿ ಮಾತ್ರ, ಹಸಿ ತಂದರೆ ಗಾಡಿ ತಿರುಗಿಸಿ ಕಳಿಸುತ್ತೇನೆ. ಅವರು ಹೇಳದಿದ್ದರೂ ಹಾಗೇ ಮಾಡಬೇಕಿತ್ತು. 100 ಕೆ.ಜಿ. ಕೇಕಿನಲ್ಲಿ ಗಟ್ಟಿ ಪದಾರ್ಥ ಇರುವುದು 20 ಕೆ.ಜಿ. ಅದನ್ನು ಹಾಗೇ ಲಾರಿಗೆ ಹೇರಿದರೆ 80 ಕೆ.ಜಿ. ನೀರನ್ನು ಡೀಸೆಲ್ ಸುಟ್ಟು ಅರಬೈಲ್ ಘಟ್ಟ ಹತ್ತಿಸಿದ ಹಾಗೆ. 19×9×9 ಸೆಂ.ಮೀ. ಅಳತೆಯ ಇಟ್ಟಿಗೆಗೆ ಮೂರು ಕೆ.ಜಿ.ಯಷ್ಟು ಒಣ ಮಣ್ಣು ಬೇಕು, ಅದರ 10ನೇ ಒಂದು ಭಾಗ 300 ಗ್ರಾಂ. ಅಂದರೆ 100 ಕೆ.ಜಿ. ಕೇಕ್ ಒಣಗಿಸಿದರೆ 66 ಇಟ್ಟಿಗೆಗೆ ಆಗುತ್ತದೆ. ಇಡೀ ವರ್ಷದ ನಮ್ಮ ಕೆಸರು ಎರಡು ಟನ್, 6,700 ಇಟ್ಟಿಗೆಗೆ ಸಾಕು. ಘನ ಮೀಟರಿಗೆ 500ರಂತೆ ಕಟ್ಟಿದರೆ ಆಳೆದೆಯ ಎತ್ತರದ ಕಾಂಪೌಂಡ್ ಗೋಡೆ 40 ಮೀಟರು ಚಿಲ್ಲರೆ. 370 ಜನರ ಒಂದು ವರ್ಷ ಇಷ್ಟೇ ಗೋಡೆ! ಕಮಿಟಿಯ ಮೀಟಿಂಗಿನಲ್ಲಿ ಈ ಲೆಕ್ಕ ಕೇಳಿ ಕೆಲವರ ಮುಖ ಸಪ್ಪಗಾಯಿತು. ಇಟ್ಟಿಗೆ ಮಾರಿ ಮೆಂಟೆನೆನ್ಸ್ ಇಳಿಸಬಹುದೆಂದುಕೊಂಡಿದ್ದರೋ ಏನೋ. ನಾನು ಲೆಕ್ಕವನ್ನು ತಿರುಗಿಸಿ ಹೇಳಿದೆ. ಭಟ್ಟಿಯವರು ಒಮ್ಮೆಗೆ 50,000 ಇಟ್ಟಿಗೆ ಸುಟ್ಟರೆ 15 ಟನ್ ಪುಡಿ ಬೇಕು. ನಮ್ಮಂಥ ಏಳು ಸಮುಚ್ಚಯಗಳ ವರ್ಷದ ಕೆಸರನ್ನು ಒಂದು ಭಟ್ಟಿ ನುಂಗಿ ನೀರು ಕುಡಿಯುತ್ತದೆ. ಲಾಭ ಅಷ್ಟರಲ್ಲೇ, ಕೆಸರು ಹೋಗಲು ಒಂದು ಬಾಗಿಲು ಸಿಕ್ಕಿತು.

ಹಾಗಾಗಿ ನಮ್ಮ ಕೆಲಸ ಇಟ್ಟಿಗೆ ಮಾಡುವುದಲ್ಲ, ಒಣಗಿಸುವುದು. ಡ್ರೈಯಿಂಗ್ ಬೆಡ್ ಮೇಲೆ ಪೈಪಿನ ಚೌಕಟ್ಟು ನಿಲ್ಲಿಸಿ ಪಾಲಿಕಾರ್ಬೊನೇಟ್ ಶೀಟ್ ಹೊದಿಸಿದೆವು, ಎರಡು ಬದಿ ಗಾಳಿಗೆ ತೆರೆದು. ಡಿಸೆಂಬರಿನಿಂದ ಮೇವರೆಗೆ ಎರಡು ಇಂಚು ದಪ್ಪಕ್ಕೆ ಹರಡಿ ದಿನಾ ಕುಂಟೆಯಲ್ಲಿ ತಿರುವಿದರೆ ಹತ್ತು ಹನ್ನೆರಡು ದಿನಕ್ಕೆ ಒಣಗುತ್ತದೆ. ತಿರುವದಿದ್ದರೆ ಮೇಲೆ ಚರ್ಮ ಕಟ್ಟಿ, ಒಳಗೆ ಹಾಗೇ ಹಸಿಯಾಗಿ ಕೂರುತ್ತದೆ. ಪೂರ್ತಿ ಒಣಗಿದ ಕೆಸರು ಜಲ್ಲಿಕಲ್ಲಿನಷ್ಟು ಗಟ್ಟಿ. ಕುಟ್ಟಿ ಜರಡಿ ಹಿಡಿದರೆ ಮೇಲೆ ಉಳಿಯುವುದು ಒಂದು ಸಂಸಾರದ ಚರಿತ್ರೆ: ಶಾಂಪೂ ಪೊಟ್ಟಣದ ಮೂಲೆ, ಕಿವಿಕಡ್ಡಿ, ಹಲಸಿನ ಮೇಣದಂಥ ಏನೋ ಒಂದು, ಮತ್ತೆ ಕೂದಲು. ಕೂದಲು ಎಂದರೆ ಉಂಡೆ ಉಂಡೆ ಕೂದಲು. ಘಟಕದ ಬಾಯಿಯಲ್ಲಿ ಜಾಲರಿ ಇದ್ದರೂ ಇಷ್ಟು ಹೇಗೆ ನುಸುಳಿತೋ.

ಮೊದಲ ಸಲ 105 ಕೆ.ಜಿ. ಪುಡಿ ಒಯ್ದು, ನೂರಕ್ಕೆ 5, 10, 20 ಪಾಲಿನಂತೆ ತಲಾ ನೂರು ಇಟ್ಟಿಗೆ ಕೊಯ್ಯುವುದೆಂದು ಮಾತಾಗಿತ್ತು. ಅಲ್ಲಿ ನಡೆದದ್ದನ್ನು ಬರೆಯದೆ ಮುಂದೆ ಹೋಗುವಂತಿಲ್ಲ. ಮಣ್ಣು ನೆನೆಹಾಕಿ, ಪುಡಿ ಚೆಲ್ಲಿ, ಮರುದಿನ ಬೆಳಿಗ್ಗೆ ತುಳಿಯಲು ನಾಲ್ಕು ಜನ ಬಂದರು. ಒಣಗಿದ್ದಾಗ ಸುಮ್ಮನಿದ್ದ ಪುಡಿ ರಾತ್ರಿ ನೆನೆದು ತನ್ನ ಮೂಲ ವಾಸನೆಗೆ ತಿರುಗಿತ್ತು. ಸೀರೆ ಎತ್ತಿ ಕಟ್ಟಿ ಇಳಿಯಲು ಹೊರಟಿದ್ದ ಹೆಂಗಸೊಬ್ಬರು ಅಂಚಿನಲ್ಲೇ ನಿಂತರು. "ಇದು ಎಲ್ಲಿದ್ರೀ?" ಕಾರವಾರದ್ದು ಅಂದೆ. "ಊರು ಕೇಳಿಲ್ಲ ನಾನು. ತುಳಿಯೋರು ನಾವಲ್ರೀ? ಒಳಗ ಏನೈತಿ ಅಂತ ಮೊದ್ಲು ಹೇಳ್ರಿ."

ನನ್ನ ಫೈಲಿನಲ್ಲಿ ತಾಪಮಾನ, ಮಿಶ್ರಣ, ಅಳತೆ ಎಲ್ಲ ಇತ್ತು. ಯಾರ ಬರಿಗಾಲು ಎಂಬುದು ಇರಲಿಲ್ಲ. ಬೆಂಕಿಗೆ ಹೋದ ಮೇಲೆ ಆ ಇಟ್ಟಿಗೆಯಲ್ಲಿ ಯಾವ ಕ್ರಿಮಿಯೂ ಉಳಿಯದು, ನಿಜ. ಆದರೆ ಬೆಂಕಿಗೆ ಹೋಗುವ ಮೊದಲಿನ ಹತ್ತು ದಿನ ಅದು ಯಾರ ಕೈಕಾಲಿನ ಮೇಲೆ ಇರುತ್ತದೆ? ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಅವರು ಇಳಿಯಲಿಲ್ಲ, ಸರಿಯಾಗಿಯೇ ಮಾಡಿದರು. ಆ ದಿನದ ಕೂಲಿ ಕೊಟ್ಟು, ಕಾಂಕ್ರೀಟ್ ಮಿಕ್ಸರ್ ಬಾಡಿಗೆಗೆ ತರಿಸಿ, ಗಮ್‌ಬೂಟು, ಕೈಗವಸು ತಂದುಕೊಟ್ಟ ಮೇಲೆ ಕೆಲಸ ಮುಂದುವರಿಯಿತು. ಅಂದಿನಿಂದ ತುಳಿಯುವ ಪದ್ಧತಿ ಈ ಮಿಶ್ರಣಕ್ಕೆ ಇಲ್ಲ. ಪುಡಿಯ ಚೀಲದ ಮೇಲೆ ಒಳಗೇನಿದೆ ಎಂದು ಕನ್ನಡದಲ್ಲಿ ಬರೆದೇ ಕಳಿಸುತ್ತೇವೆ.

ಭಟ್ಟಿಗೆ ಬೆಂಕಿ ಕೊಟ್ಟ ಎರಡನೇ ರಾತ್ರಿ ನಾತ ಎದ್ದಿತು. 20 ಪಾಲಿನ ಇಟ್ಟಿಗೆಗಳನ್ನು ಒಂದೇ ಮೂಲೆಯಲ್ಲಿ ಜೋಡಿಸಿದ್ದು ತಪ್ಪಾಗಿತ್ತು, ಬೆಳಗಾಗುವುದರೊಳಗೆ ಪಕ್ಕದ ಗದ್ದೆಯವರು ಬಂದು ಮಾಲೀಕರಿಗೆ ಬೈದು ಹೋದರು. ಬಿಚ್ಚಿದ ಮೇಲೆ ನೋಡಿದರೆ 5ರದ್ದಕ್ಕೂ ಬರೀ ಮಣ್ಣಿನದಕ್ಕೂ ಕಣ್ಣಿಗೆ ವ್ಯತ್ಯಾಸ ತಿಳಿಯದು. 10ರದ್ದು ಸ್ವಲ್ಪ ಹಗುರ, ಎರಡನ್ನು ಬಡಿದರೆ ಠಣ್ ಎನ್ನುತ್ತಿತ್ತು. 20ರದ್ದು ಟೊಳ್ಳು ಸದ್ದು. ಒಡೆದರೆ ಒಳಗೆ ಅತ್ತಿಹಣ್ಣಿನ ತಿರುಳಿನಂತೆ ಕಪ್ಪು, ಉರಿಯಲು ಗಾಳಿ ಸಾಲದೆ ಉಳಿದ ಇಂಗಾಲ. ಕಾರವಾರಕ್ಕೆ ತಂದು, ಓವನ್ನಿನಲ್ಲಿ ಒಣಗಿಸಿ ತೂಗಿ, ಬಕೆಟ್ಟಿನಲ್ಲಿ 24 ತಾಸು ಮುಳುಗಿಸಿ ಮತ್ತೆ ತೂಗಿದೆವು. ಭಾರತೀಯ ಮಾನಕ ಐಎಸ್ 3495 ಹೇಳುವ ಪರೀಕ್ಷೆ ಇಷ್ಟೇ, ಮಾಡಲು ದೊಡ್ಡ ಪ್ರಯೋಗಾಲಯ ಬೇಡ. 10ರ ಇಟ್ಟಿಗೆ ಒಣಗಿದ್ದಾಗ 2 ಕೆ.ಜಿ. 600 ಗ್ರಾಂ, ನೆಂದ ಮೇಲೆ 3 ಕೆ.ಜಿ. 70 ಗ್ರಾಂ. ನೂರಕ್ಕೆ 18. ಸಾಮಾನ್ಯ ಇಟ್ಟಿಗೆಗೆ ಐಎಸ್ 1077 ಹಾಕಿದ ಗೆರೆ 20, ಅದಕ್ಕಿಂತ ಹೆಚ್ಚು ನೀರು ಕುಡಿಯಬಾರದು. ಇಪ್ಪತ್ತರ ಮಿಶ್ರಣ ಆ ಗೆರೆಯನ್ನು ಆರಾಮಾಗಿ ದಾಟಿ ಫೇಲಾಯಿತು. ಬಲದ ಪರೀಕ್ಷೆಯಲ್ಲೂ ಅದು ಚದರ ಮಿ.ಮೀ.ಗೆ 3.5 ನ್ಯೂಟನ್ ಮುಟ್ಟಲಿಲ್ಲ, ಚಿರೆಕಲ್ಲಿಗೆ ಐಎಸ್ 3620 ಕೇಳುವ ಕನಿಷ್ಠವೂ ಅಷ್ಟೇ. ಹಾಗಾಗಿ 10ಕ್ಕೆ ನಿಂತೆವು.

ವಾರ ಕಳೆಯುವುದರೊಳಗೆ ಹೊಸ ವಿಚಿತ್ರ. ಕೆಲವು ಇಟ್ಟಿಗೆಗಳ ಮೈಮೇಲೆ ಸಿಡುಬಿನ ಕಲೆಯಂತೆ ಗುಳಿ, ಪ್ರತಿ ಗುಳಿಯ ನಡುವೆ ಒಂದು ಬಿಳಿ ಚುಕ್ಕಿ. ಸೂಜಿಯಿಂದ ಎಬ್ಬಿಸಿ ನೋಡಿದೆ, ಹಿಟ್ಟಿನಂತೆ ಪುಡಿಯಾಯಿತು. ಆಪರೇಟರ್ ಹುಡುಗನನ್ನು ಕರೆದು ಕೇಳಿದರೆ ತಲೆ ಕೆರೆದುಕೊಂಡ. ವಾಸನೆ ತಡೆಯಲು ಅವನು ಬೆಡ್ ಮೇಲೆ ಚಿಪ್ಪಿನ ಸುಣ್ಣ ಎರಚುತ್ತಿದ್ದನಂತೆ. ಅರೆಬೆಂದ ಚಿಪ್ಪಿನ ಚೂರುಗಳು ಜರಡಿಯಲ್ಲಿ ಇಳಿದು, ಭಟ್ಟಿಯಲ್ಲಿ ಸುಟ್ಟ ಸುಣ್ಣವಾಗಿ, ಹೊರಬಂದ ಮೇಲೆ ಗಾಳಿಯ ತೇವ ಕುಡಿದು ಉಬ್ಬಿ ಇಟ್ಟಿಗೆಯನ್ನು ಸಿಡಿಸುತ್ತಿದ್ದವು. ಸುಣ್ಣ ನಿಲ್ಲಿಸಿದೆವು, ಸಣ್ಣ ಕಣ್ಣಿನ ಜರಡಿ ತಂದೆವು, ಗುಳಿ ನಿಂತಿತು.

ಉಪ್ಪು ಮಾತ್ರ ಅಷ್ಟು ಸುಲಭಕ್ಕೆ ಬಿಡಲಿಲ್ಲ. ಹತ್ತರ ಇಟ್ಟಿಗೆಯಲ್ಲಿ ವಾಚ್‌ಮನ್ ಕೋಣೆಯ ಗೋಡೆಯನ್ನು ಕಿಟಕಿ ಮಟ್ಟಕ್ಕೆ ಕಟ್ಟಿದ್ದೆವು, ಗಿಲಾವು ಮಾಡದೆ, ನೋಡಲೆಂದೇ. ಮಳೆಗಾಲ ಮುಗಿದು ಅಕ್ಟೋಬರಿನ ಬಿಸಿಲು ಬಿದ್ದದ್ದೇ ಗೋಡೆ ನೆರೆತಂತೆ ಬೆಳ್ಳಗಾಯಿತು. ಒರೆಸಿದರೆ ಕೈಗೆ ಹಿಟ್ಟು, ನಾಲ್ಕು ದಿನಕ್ಕೆ ಮತ್ತೆ ಅಷ್ಟೇ. ಟೋಕಿಯೋದಲ್ಲಿ 1990ರ ದಶಕದಲ್ಲಿ ಬರೀ ಒಳಚರಂಡಿ ಕೆಸರಿನ ಬೂದಿಯಿಂದಲೇ ಇಟ್ಟಿಗೆ ಮಾಡಿದಾಗ ಅವರಿಗೂ ಬಿಳಿ ಉಪ್ಪು, ಪಾಚಿ ಕಾಟ ಕೊಟ್ಟಿದ್ದವು, ಅಷ್ಟು ಓದಿದ್ದೆ. ಆದರೆ ನಮ್ಮದು ಬರೀ ಹತ್ತನೇ ಒಂದು ಪಾಲು. ಇಷ್ಟು ಉಪ್ಪು ಎಲ್ಲಿಂದ?

ಉತ್ತರ ಸಿಕ್ಕಿದ್ದು ಪಂಚಾಂಗ ನೋಡಿ. ಕೊಳಚೆ ಬಂದು ಬೀಳುವ ಗುಂಡಿಯ ನೀರನ್ನು ಕರಗಿದ ಲವಣ ತೋರಿಸುವ ಜೇಬಿನ ಟಿಡಿಎಸ್ ಮೀಟರಿನಲ್ಲಿ ದಿನಾ ಅಳೆದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಲು ಹುಡುಗನಿಗೆ ಹೇಳಿದ್ದೆ. ತಿಂಗಳು ಮುಗಿದಾಗ ನೋಡಿದರೆ ಅಷ್ಟಮಿಯ ಹೊತ್ತಿಗೆ ಕಡಿಮೆ, ಹುಣ್ಣಿಮೆ ಅಮಾವಾಸ್ಯೆಯ ಭರತಕ್ಕೆ ಎರಡು ಪಟ್ಟಿಗೂ ಮೇಲೆ. ಗುಂಡಿಯ ಕಲ್ಲಿನ ಗೋಡೆ ಸಂದಿಯಿಂದ ಉಪ್ಪುನೀರು ಒಳಗೆ ಬರುತ್ತಿತ್ತು. ಸಮುದ್ರದ ಒಂದು ಲೀಟರ್ ನೀರಿನಲ್ಲಿ 35 ಗ್ರಾಂ ಲವಣ, ಅದರಲ್ಲಿ 2.7 ಗ್ರಾಂ ಸಲ್ಫೇಟ್. ಇಟ್ಟಿಗೆಯ ಮೇಲೆ ಬಿಳಿ ಹೂ ಎಬ್ಬಿಸುವುದರಲ್ಲಿ ಸಲ್ಫೇಟಿನದೇ ದೊಡ್ಡ ಕೈ, ಅದು ಭಟ್ಟಿಯ ಬಿಸಿಗೂ ಬಗ್ಗದೆ ಉಳಿದುಬಿಡುತ್ತದೆ. ಅಂದರೆ ಇಷ್ಟು ವರ್ಷ ನಾವು ಕಾಳಿಯ ಅಳಿವೆಯ ನೀರನ್ನೂ ಕರೆಂಟು ಸುಟ್ಟು ಶುದ್ಧೀಕರಿಸುತ್ತಿದ್ದೆವು! ಗುಂಡಿ ಖಾಲಿ ಮಾಡಿಸಿ ಒಳಗಿಂದ ಗಿಲಾವು ಹಾಕಿಸಿದ್ದಕ್ಕೆ ಕಮಿಟಿಯವರು ಖರ್ಚು ಎಂದು ಗೊಣಗಿದರು, ಮುಂದಿನ ತಿಂಗಳ ಪಂಪಿನ ಬಿಲ್ಲು ನೋಡಿ ಸುಮ್ಮನಾದರು. ಹಿಂಡುವ ಮೊದಲು ಕೆಸರನ್ನು ಚಾವಣಿಯ ಮಳೆನೀರಿನಲ್ಲಿ ಒಮ್ಮೆ ತೊಳೆಯುವುದನ್ನೂ ಶುರು ಮಾಡಿದೆವು. ಮುಂದಿನ ಕಂತಿನ ಇಟ್ಟಿಗೆಯನ್ನು ತಟ್ಟೆಯಲ್ಲಿ ಒಂದು ಇಂಚು ನೀರಿಗೆ ನಿಲ್ಲಿಸಿ ಎರಡು ಸಲ ಆರಿಸಿದಾಗ ಅಂಚಿನಲ್ಲಿ ತೆಳ್ಳಗೆ ಒಂದು ಗೆರೆ ಮಾತ್ರ ಕಂಡಿತು. ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಜಾಗ ಬಿಳಿಯಾದರೆ ಐಎಸ್ ಲೆಕ್ಕದಲ್ಲಿ 'ಅಲ್ಪ', ಇದು ಪಾಸು.

ಈ ಸುದ್ದಿ ಹೇಗೋ ಹರಡಿ, ಒಬ್ಬರು ತಮ್ಮ ಕಾರ್ಖಾನೆಯ ಇಟಿಪಿ (ತ್ಯಾಜ್ಯ ನೀರು ಶುದ್ಧೀಕರಿಸುವ ಘಟಕ) ಕೆಸರನ್ನೂ ಸೇರಿಸಿಕೊಳ್ಳಿ, ದುಡ್ಡು ಕೊಡುತ್ತೇವೆ ಎಂದು ಫೋನ್ ಮಾಡಿದರು. ಒಪ್ಪಲಿಲ್ಲ. ಕಾರ್ಖಾನೆಯ ರಾಸಾಯನಿಕ ಕೆಸರು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಬರುತ್ತದೆ, ಅದರ ದಾರಿಯೇ ಬೇರೆ. ಸುಟ್ಟರೆ ಎಲ್ಲ ಸರಿಹೋಗುತ್ತದೆ ಎಂಬ ಮಾತೂ ಪೂರ್ತಿ ನಿಜವಲ್ಲ: ಕೆಸರಿನಲ್ಲಿ ಕ್ರೋಮಿಯಂ ಇದ್ದರೆ ಭಟ್ಟಿಯ ಗಾಳಿ-ಬಿಸಿಗೆ ಅದು ಇನ್ನೂ ವಿಷಕಾರಿಯಾದ, ನೀರಿನಲ್ಲಿ ಕರಗುವ ರೂಪಕ್ಕೆ ತಿರುಗಬಲ್ಲದು. ಮನೆಗಳ ಕೆಸರಿಗೆ ಮಾತ್ರ ನಮ್ಮ ಚೀಲ.

ಈ ಸಲ ಮೇ ಮೂರನೇ ವಾರವೇ ಮೋಡ ಕಟ್ಟಿತು. ಭಟ್ಟಿಯಿಂದ ಫೋನ್, "ಸಾಹೇಬ್ರ, ಕರಿ ಪುಡಿ ಯಾವಾಗ ಕಳಸ್ತೀರಿ? ಇದೇ ಕಡೀ ಭಟ್ಟಿ." ಲಾರಿ ತರಿಸಿದೆ. 38 ಚೀಲ ಕಟ್ಟಿಟ್ಟಿದ್ದೆವು. ಹುಡುಗ ಒಂದೊಂದೇ ಚೀಲದೊಳಗೆ ಮೊಣಕೈವರೆಗೆ ಕೈಗವಸು ಹಾಕಿದ ಕೈ ಇಳಿಸಿ, ಹಿಡಿ ತೆಗೆದು ಹಿಚುಕಿ ನೋಡುತ್ತ ಬಂದ. ಕೊನೆಯ ಸಾಲಿನ ಹನ್ನೊಂದು ಚೀಲದ ಪುಡಿ ಉಂಡೆ ಕಟ್ಟಿತು. ಅವನ್ನು ಕೆಳಗಿಳಿಸಿ, ಉಳಿದ 27ಕ್ಕೆ ತಾಡಪಾಲು ಬಿಗಿದು ಲಾರಿ ಕಳಿಸಿದೆವು. ಹನ್ನೊಂದು ಚೀಲ ಶೀಟಿನ ಕೆಳಗೆ ಕೂತಿವೆ.